ಮನೆಯ ಶೆಡ್ಡಿಗೆ ಎರಡು ಕಂಬದ ಲಿಫ್ಟ್: ಕೊಳ್ಳುವ ಮೊದಲು ನೆಲ ಕೊರೆದು ನೋಡಿ

ಕಾರು ಎತ್ತುವ ಲಿಫ್ಟ್ ಕೂರಿಸಲು ಬಂದ ಹುಡುಗ ಡ್ರಿಲ್ ಒತ್ತಿದಾಗ ಮೊದಲು ಬೂದು ಬಣ್ಣದ ಪುಡಿ ಬಂತು. ಎರಡು ಅಂಗುಲ ಇಳಿಯುವವರೆಗೂ ಬೂದು. ಮೂರನೆಯ ಅಂಗುಲಕ್ಕೆ ಡ್ರಿಲ್ಲಿನ ಸದ್ದು ಬದಲಾಯಿತು, ತಡೆಯೇ ಇಲ್ಲದೆ ಸರಕ್ಕನೆ ಒಳಗೆ ಹೋಯಿತು. ಹೊರಗೆಳೆದು ನೋಡಿದರೆ ಅದರ ಸುರುಳಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ನೆಲ ಗಟ್ಟಿಯಿದೆಯೇ ಎಂದು ಮಾರಾಟಗಾರರು ಫೋನಿನಲ್ಲಿ ಕೇಳಿದ್ದಾಗ, "ಹದಿನೈದು ವರ್ಷದಿಂದ ಕಾರು ನಿಲ್ಲಿಸುತ್ತಿದ್ದೇನೆ, ಒಂದು ಬಿರುಕೂ ಇಲ್ಲ" ಎಂದು ಎದೆಯುಬ್ಬಿಸಿ ಹೇಳಿದವನು ನಾನೇ. ಆ ದಿನ ಕಂಬಗಳೆರಡೂ ಟಾರ್ಪಾಲು ಹೊದ್ದು ಅಂಗಳದಲ್ಲಿ ಮಲಗಿದವು. ಎದ್ದು ನಿಂತದ್ದು ಎರಡು ತಿಂಗಳ ನಂತರ.

ಹಾಗಾಗಿ ಈ ಮಾರ್ಗದರ್ಶಿ ಕ್ಯಾಟಲಾಗಿನಿಂದ ಶುರುವಾಗುವುದಿಲ್ಲ. ಮೊದಲು ನೆಲ, ಆಮೇಲೆ ಸೂರು, ಆಮೇಲೆ ನಿಮ್ಮ ಕಾರುಗಳು, ಆಮೇಲೆ ಕರೆಂಟು. ಲಿಫ್ಟಿನ ಹೆಸರು, ಬಣ್ಣ, ಬೆಲೆಯ ಮಾತು ಕೊನೆಗೆ ಬರಲಿ.

ನಿಜವಾಗಿ ಬೇಕೇ?

ವರ್ಷಕ್ಕೆ ಎರಡು ಸಲ ಎಂಜಿನ್ ಆಯಿಲ್ ಬದಲಾಯಿಸುವುದಷ್ಟೇ ನಿಮ್ಮ ಕೆಲಸವಾದರೆ ಬೇಡ. ಒಳ್ಳೆಯ ಟ್ರಾಲಿ ಜಾಕ್ ಒಂದು, ನಾಲ್ಕು ಸ್ಟ್ಯಾಂಡ್ ಸಾಕು. ಇನ್ನೂ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ಸೊಂಟದೆತ್ತರಕ್ಕೆ ಏರುವ ಕತ್ತರಿ ಲಿಫ್ಟ್ ಇದೆ. ಒಂದು ಕಾರಿನ ಮೇಲೆ ಇನ್ನೊಂದನ್ನು ನಿಲ್ಲಿಸಿಕೊಳ್ಳುವ ಆಸೆಯಿದ್ದರೆ ನಾಲ್ಕು ಕಂಬದ್ದು ಸರಿ. ಎರಡು ಕಂಬದ ಲಿಫ್ಟಿನ ಲಾಭ ಬೇರೆ: ಅದು ಕಂಬಕ್ಕೆ ಎರಡರಂತೆ ನಾಲ್ಕು ತೋಳು ಚಾಚಿ ಕಾರನ್ನು ಹೊಟ್ಟೆಯ ಕೆಳಗೆ ಹಿಡಿದೆತ್ತುತ್ತದೆ, ನಾಲ್ಕೂ ಚಕ್ರಗಳು ಗಾಳಿಯಲ್ಲಿ ತೂಗುತ್ತವೆ. ಗೇರ್‌ಬಾಕ್ಸ್ ಇಳಿಸುವವರಿಗೆ, ಸಸ್ಪೆನ್ಷನ್ ಬಿಚ್ಚುವವರಿಗೆ, ಹಳೆಯ ಕಾರಿನ ತಳದ ತುಕ್ಕು ಕೆರೆದು ವೆಲ್ಡಿಂಗ್ ಮಾಡುವವರಿಗೆ ಇದಕ್ಕೆ ಸಮನಾದದ್ದಿಲ್ಲ.

ಅಜ್ಜನ ಕಾಲದಂತೆ ಗುಂಡಿ ತೋಡಿಸಿದರಾಯಿತು ಎನ್ನುವವರಿಗೆ ಒಂದು ಮಾತು. ಮಲೆನಾಡಿನಲ್ಲಿ ಆಷಾಢ ಕಳೆಯುವಷ್ಟರಲ್ಲಿ ಆ ಗುಂಡಿ ಬಾವಿಯಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಗುಂಡಿಯ ತಳದಲ್ಲಿ ನಿಂತು ಕಿಡಿಗಾಗಿ ಕಾಯುತ್ತದೆ.

ನೆಲದ ಲೆಕ್ಕ

ಹದಿನೈದು ವರ್ಷ ಕಾರು ಹೊತ್ತ ನೆಲ ಲಿಫ್ಟನ್ನು ಏಕೆ ಹೊರಲಾರದು? ಕಾರು ನಿಂತಾಗ ನೆಲವನ್ನು ಬರೀ ಒತ್ತುತ್ತದೆ. ಲಿಫ್ಟ್ ಒತ್ತುವುದೂ ಉಂಟು, ಕೀಳುವುದೂ ಉಂಟು.

1800 ಕಿಲೋ ಕಾರು ಎಂದುಕೊಳ್ಳಿ. ಒಂದೊಂದು ಕಂಬದ ಪಾಲಿಗೆ 900 ಕಿಲೋ. ಆ ತೂಕ ಕಂಬದ ನೆತ್ತಿಯ ಮೇಲೆ ಕೂರುವುದಿಲ್ಲ; ತೋಳಿನ ತುದಿಯಲ್ಲಿ, ಕಂಬದ ನಡುವಿನಿಂದ ಸುಮಾರು 75 ಸೆಂ.ಮೀ. ದೂರದಲ್ಲಿ ಜೋತಿರುತ್ತದೆ. ಕಂಬದ ಪಾದದ ತಟ್ಟೆ 40 ಸೆಂ.ಮೀ. ಇದ್ದರೆ ಅದರ ಒಳ ಅಂಚೇ ಮೀಟುವ ಜಾಗ. ಅಲ್ಲಿಂದ ಕಾರಿನ ಭಾರ 55 ಸೆಂ.ಮೀ. ದೂರ, ಹೊರಬದಿಯ ಬೋಲ್ಟುಗಳು 35 ಸೆಂ.ಮೀ. ದೂರ. ಹಾರೆಯಿಂದ ಕಲ್ಲು ಎಬ್ಬಿಸುವವರಿಗೆ ಮುಂದಿನ ಗಣಿತ ಗೊತ್ತು: 900 ಗುಣಿಸು 55, ಭಾಗಿಸು 35, ಅಂದರೆ ಸುಮಾರು 1400 ಕಿಲೋ. ಕಂಬದ ಸ್ವಂತ ತೂಕ ಸ್ವಲ್ಪ ಒತ್ತಾಸೆ ಕೊಟ್ಟರೂ, ಹೊರಬದಿಯ ಬೋಲ್ಟುಗಳನ್ನು ಒಂದು ಟನ್ನಿಗೂ ಮೀರಿದ ಬಲ ಮೇಲಕ್ಕೆ ಎಳೆಯುತ್ತಿರುತ್ತದೆ. ಎರಡು ಕಂಬಗಳನ್ನು ಮೇಲೆ ತೊಲೆಯಿಂದ ಜೋಡಿಸಿದ್ದರೆ ಈ ಎಳೆತ ತಗ್ಗುತ್ತದೆ, ಆದರೆ ಹೋಗುವುದಿಲ್ಲ. ಕಾರು ಸ್ವಲ್ಪ ಹಿಂದೆಯೋ ಮುಂದೆಯೋ ಕೂತರೆ ಆ ದಿಕ್ಕಿಗೂ ಇದೇ ಆಟ. ಮಣ್ಣಿನ ಮೇಲೆ ತೆಳ್ಳಗೆ ಬಳಿದ ಮೂರು ಅಂಗುಲದ ಕಾಂಕ್ರೀಟಿನಲ್ಲಿ ಬೋಲ್ಟು ತನ್ನ ಸುತ್ತಲಿನ ಚಕ್ಕೆಯನ್ನೇ ಎಬ್ಬಿಸಿಕೊಂಡು ಬರುತ್ತದೆ.

ಆದ್ದರಿಂದ ಮೊದಲ ಕೆಲಸ: ಕಂಬ ಬರುವ ಎರಡೂ ಜಾಗಗಳಲ್ಲಿ 12 ಮಿ.ಮೀ. ಬಿಟ್ಟಿನಿಂದ ಒಂದೊಂದು ತೂತು ಕೊರೆಯಿರಿ. ಗಟ್ಟಿ ತಂತಿಯ ತುದಿಯನ್ನು ಚಿಕ್ಕ ಕೊಕ್ಕೆಯಂತೆ ಬಗ್ಗಿಸಿ ಒಳಗೆ ಬಿಡಿ. ಗೋಡೆಗೆ ಒತ್ತಿ ಮೇಲಕ್ಕೆಳೆದರೆ ಕೊಕ್ಕೆ ಕಾಂಕ್ರೀಟಿನ ಅಡಿ ಅಂಚಿಗೆ ಸಿಕ್ಕಿ ನಿಲ್ಲುತ್ತದೆ. ತಂತಿಯ ಮೇಲೆ ನೆಲಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಹತ್ತು ನಿಮಿಷದ ಈ ಕೆಲಸವನ್ನು ನಾನು ಮುಂಗಡ ಕೊಡುವ ಮೊದಲೇ ಮಾಡಿದ್ದರೆ ಮೇಲಿನ ಕತೆ ಬರೆಯಬೇಕಾಗಿರಲಿಲ್ಲ.

ಎಷ್ಟು ದಪ್ಪ ಬೇಕು? 4 ಟನ್ ವರ್ಗದ ಲಿಫ್ಟುಗಳ ಕೈಪಿಡಿಗಳು ಸಾಮಾನ್ಯವಾಗಿ ನಾಲ್ಕರಿಂದ ಆರು ಅಂಗುಲ ಕನಿಷ್ಠ ಎನ್ನುತ್ತವೆ. ನಿಮ್ಮ ಮಾದರಿಯ ಕೈಪಿಡಿ ಏನು ಹೇಳುತ್ತದೋ ಅದೇ ಕಟ್ಟುನಿಟ್ಟು. ಬಿರುಕು, ಕೂಡುಗೆರೆ, ಹಾಸಿನ ಅಂಚು ಇವುಗಳಿಂದ ಬೋಲ್ಟು ಎಷ್ಟು ದೂರವಿರಬೇಕು ಎಂಬುದೂ ಅದರಲ್ಲೇ ಇರುತ್ತದೆ.

ಕಾಂಕ್ರೀಟಿನ ಗಟ್ಟಿತನದ ವಿಷಯದಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಈ ಲಿಫ್ಟುಗಳು ಮನೆಮನೆಗೆ ಹಬ್ಬಿದ್ದು ಅಮೆರಿಕದಲ್ಲಿ. ಹಾಗಾಗಿ ಕೈಪಿಡಿಗಳು 3000 ಪಿಎಸ್‌ಐ (ಒಂದು ಚದರ ಅಂಗುಲ ಎಷ್ಟು ಪೌಂಡು ತಡೆಯುತ್ತದೆ ಎಂಬ ಅಳತೆ) ಎಂದು ಬರೆಯುತ್ತವೆ. ಅದನ್ನು ಮೆಗಾಪ್ಯಾಸ್ಕಲಿಗೆ ತಿರುಗಿಸಿದರೆ 20.7 ಬರುತ್ತದೆ. ನಮ್ಮ ಎಂ20 ಎಂದರೆ 20 ಮೆಗಾಪ್ಯಾಸ್ಕಲಿನ ಕಾಂಕ್ರೀಟ್, ಹಾಗಾಗಿ "ಎಂ20 ಸಾಕಲ್ಲ" ಎಂದು ಮೇಸ್ತ್ರಿ ತಲೆಯಾಡಿಸುತ್ತಾರೆ. ಸಾಲದು. ಅಮೆರಿಕದವರು ಪರೀಕ್ಷಿಸುವುದು ಉರುಳೆಯಾಕಾರದ ಕಾಂಕ್ರೀಟನ್ನು, ನಾವು 150 ಮಿ.ಮೀ. ಘನವನ್ನು. ಒಂದೇ ಕಾಂಕ್ರೀಟ್ ಘನದ ಪರೀಕ್ಷೆಯಲ್ಲಿ ಹೆಚ್ಚು ಗಟ್ಟಿಯೆಂದು ತೋರುತ್ತದೆ. ಅವರ 3000 ಪಿಎಸ್‌ಐ ನಮ್ಮ ಎಂ25ಕ್ಕೆ ಹತ್ತಿರ. ಕಾಂಕ್ರೀಟಿಗೆ ಭಾರತದ ಮಾನದಂಡವಾದ ಐಎಸ್ 456 ಪ್ರಕಾರ ಬುಟ್ಟಿ ಲೆಕ್ಕದಂಥ ಸಿದ್ಧ ಅನುಪಾತದ ಮಿಶ್ರಣ ಎಂ20ರವರೆಗೆ ಮಾತ್ರ. ಎಂ25ಕ್ಕೆ ಎಂಜಿನಿಯರರು ಮಿಶ್ರಣದ ವಿನ್ಯಾಸ ಮಾಡಿಕೊಡಬೇಕು.

ನಾನು ಹಳೆಯ ನೆಲವನ್ನು ಕತ್ತರಿಸಿ ಎರಡು ಕಂಬಗಳಿಗೂ ಸೇರಿ ಒಂದೇ ಹಾಸು ಹಾಕಿಸಿದೆ: 14 ಅಡಿ ಉದ್ದ, 5 ಅಡಿ ಅಗಲ, 10 ಅಂಗುಲ ದಪ್ಪ, ಮೇಲೆ ಕೆಳಗೆ 10 ಮಿ.ಮೀ. ಕಂಬಿಯ ಜಾಲರಿ. ಒಂದೂವರೆ ಘನಮೀಟರಿಗೆ ಚಿಲ್ಲರೆ ಸೇರಿದ ಇಷ್ಟು ಸಣ್ಣ ಕೆಲಸಕ್ಕೆ ರೆಡಿಮಿಕ್ಸ್ ಲಾರಿಯವರು ಬರಲೊಪ್ಪಲಿಲ್ಲ. ತೂಗಿ ತೂಗಿ ಇಲ್ಲೇ ಕಲಸಿದೆವು. ಮೇಸ್ತ್ರಿ ಎರಡು ಸಲ ಪೈಪು ಹಿಡಿದು ನೀರು ಬಿಡಲು ಬಂದರು, ಎರಡು ಸಲವೂ ನಲ್ಲಿ ನಿಲ್ಲಿಸಿದೆ. ಹರಿಯುವ ಕಾಂಕ್ರೀಟ್ ಹರಡಲು ಸುಲಭ, ಬೋಲ್ಟು ಹಿಡಿಯಲು ಕಷ್ಟ. ಕಾಂಕ್ರೀಟ್ ಸುರಿಯುವ ಮೊದಲು ಟೇಪು ಇಟ್ಟು ಕಂಬಿಗಳ ಫೋಟೊ ತೆಗೆದುಕೊಳ್ಳಿ. ಮುಂದೆ ಡ್ರಿಲ್ ಹಾಕುವಾಗ ಕಂಬಿ ತಪ್ಪಿಸಲು ಅದೇ ನಕ್ಷೆ. ಹದಿನಾಲ್ಕು ದಿನ ಗೋಣಿ ತಾಟು ಹೊದಿಸಿ ನೀರುಣಿಸಿದೆವು, ಒಟ್ಟು 28 ದಿನ ಕಾದೆವು. ತೊಳೆದ ನೀರು ಹೊರಹೋಗಲೆಂದು ಶೆಡ್ಡಿನ ನೆಲಕ್ಕೆ ಇಳಿಜಾರು ಕೊಡುವುದು ವಾಡಿಕೆ, ಆದರೆ ಈ ಹಾಸು ಮಾತ್ರ ಮಟ್ಟವಾಗಿರಲಿ.

ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನವರಿಗೆ ಇದಷ್ಟೇ ಸಾಲದು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಆ ಮಣ್ಣಿನ ಮೇಲೆ ಎಷ್ಟೇ ದಪ್ಪದ ಹಾಸು ಹಾಕಿದರೂ ಕಂಬಗಳು ಓಲುತ್ತವೆ. ಮಣ್ಣು ತೆಗೆದು ಗರಸು ತುಂಬಿ ದಮ್ಮಸು ಹೊಡೆಸಬೇಕು. ಎಷ್ಟು ಆಳ ಎಂಬುದನ್ನು ಸ್ಥಳ ನೋಡಿದ ಎಂಜಿನಿಯರರೇ ಹೇಳಲಿ.

ಟೈಲ್ಸ್ ಮೇಲೆ, ಇಂಟರ್‌ಲಾಕ್ ಕಲ್ಲಿನ ಮೇಲೆ ಕೂರಿಸುವ ಮಾತೇ ಬೇಡ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಇನ್ನೂ ಹುಷಾರಾಗಿರಬೇಕು. ನಿಮ್ಮ ಪಾರ್ಕಿಂಗಿನ ಕೆಳಗೆ ಇನ್ನೊಂದು ಅಂತಸ್ತು ಇದ್ದರೆ ಲಿಫ್ಟಿನ ಯೋಚನೆಯನ್ನು ಅಲ್ಲಿಗೇ ಬಿಡಿ. ಬಿಗಿದ ಉಕ್ಕಿನ ಕೇಬಲ್ ಹುದುಗಿಸಿದ ಪೋಸ್ಟ್ ಟೆನ್ಷನ್ ಸ್ಲ್ಯಾಬಿಗೆ ಡ್ರಿಲ್ ತಗುಲಿದರೆ ಕಟ್ಟಡಕ್ಕೂ ಅಪಾಯ, ಡ್ರಿಲ್ ಹಿಡಿದವರಿಗೂ ಅಪಾಯ.

ಸೂರು ಎಷ್ಟೆತ್ತರ

ಇಲ್ಲಿ ಕೂಡುವ ಕಳೆಯುವ ಲೆಕ್ಕ ಸಾಕು. ಇನ್ನೋವಾ ಕ್ರಿಸ್ಟಾದ ಎತ್ತರ ಸುಮಾರು 1.8 ಮೀಟರ್. ತೋಳು ಹಿಡಿಯುವ ಜಾಗ ನೆಲದಿಂದ 20 ಸೆಂ.ಮೀ. ಮೇಲಿದೆ ಎಂದುಕೊಂಡರೆ, ಅಲ್ಲಿಂದ ಕಾರಿನ ನೆತ್ತಿಗೆ 1.6 ಮೀಟರ್. ಅದನ್ನು 1.8 ಮೀಟರಿಗೆ ಎತ್ತಿದರೆ ನೆತ್ತಿ 3.4 ಮೀಟರಿಗೆ ಹೋಗುತ್ತದೆ. ಒಂದು ಗೇಣು ಬಿಡುವು ಸೇರಿಸಿದರೆ ಹನ್ನೊಂದೂವರೆ ಅಡಿಗೂ ಹೆಚ್ಚು. ನಮ್ಮ ಮನೆಗಳ ಆರ್‌ಸಿಸಿ ಸೂರು ಸಾಮಾನ್ಯವಾಗಿ 10 ಅಡಿ, ಅಂದರೆ 3.05 ಮೀಟರ್. ಅಂಥ ಕಡೆ ಇನ್ನೋವಾ 1.3 ಮೀಟರ್ ಏರಿ ನಿಲ್ಲುತ್ತದೆ; ನೀವು ಮೋಟು ಸ್ಟೂಲಿನ ಮೇಲೆ ಕೂತು ಕೆಲಸ ಮಾಡಬೇಕು. ಒಂದೂವರೆ ಮೀಟರ್ ಎತ್ತರದ ಸಣ್ಣ ಕಾರಾದರೆ 1.6 ಮೀಟರಿನ ಆಸುಪಾಸು ಏರುತ್ತದೆ, ಕುತ್ತಿಗೆ ಬಗ್ಗಿಸಿ ನಿಲ್ಲಬಹುದು. ಇದು ಸೋಲೇನಲ್ಲ. ಬ್ರೇಕ್, ಸಸ್ಪೆನ್ಷನ್ ಕೆಲಸಗಳು ನಡೆಯುವುದು ಹೆಚ್ಚಾಗಿ ಎದೆಯೆತ್ತರದಲ್ಲೇ.

ಶೀಟಿನ ಶೆಡ್ಡಾದರೆ ನಡುವಿನ ಮೊನೆಯ ಎತ್ತರ ಅಳೆದು ಖುಷಿಪಡಬೇಡಿ, ಅಡ್ಡ ತೊಲೆಯ ಅಡಿಗೆ ಟೇಪು ಹಿಡಿಯಿರಿ. ಫ್ಯಾನು, ಟ್ಯೂಬ್‌ಲೈಟು, ರೋಲಿಂಗ್ ಶಟರಿನ ಸುರುಳಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎತ್ತಿದ ಕಾರಿನ ಬಾನೆಟ್ಟು ತೆರೆಯಬೇಕೆಂದರೆ ಅದೂ ಸೇರಬೇಕು.

ಸೂರಿನ ಎತ್ತರವೇ ಲಿಫ್ಟಿನ ಜಾತಿಯನ್ನೂ ತೀರ್ಮಾನಿಸುತ್ತದೆ. ಎರಡು ಕಂಬಗಳ ನಡುವೆ ಕೇಬಲ್ಲು, ಎಣ್ಣೆಯ ಹೋಸು ದಾಟಲೇಬೇಕು. ಕೆಲವದರಲ್ಲಿ ಅವು ನೆಲದ ಮೇಲೆ ಒಂದು ತಟ್ಟೆಯ ಅಡಿ ಹೋಗುತ್ತವೆ. ಕಂಬಗಳು ಗಿಡ್ಡ, ಒಂಬತ್ತು ಒಂಬತ್ತೂವರೆ ಅಡಿ. ಕೆಲವದರಲ್ಲಿ ಮೇಲಿನ ತೊಲೆಯೊಳಗೆ ಹೋಗುತ್ತವೆ. ನೆಲ ಚೊಕ್ಕವಾಗಿರುತ್ತದೆ, ಆದರೆ ಹನ್ನೊಂದು ಹನ್ನೆರಡು ಅಡಿ ಎತ್ತರ ಬೇಕು. ಗೇರ್‌ಬಾಕ್ಸ್ ಹೊತ್ತ ಜಾಕನ್ನು ಆ ನೆಲದ ತಟ್ಟೆಯ ಉಬ್ಬಿನ ಮೇಲೆ ದಾಟಿಸುವಾಗ ಬಾಯಲ್ಲಿ ಬರುವ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಎತ್ತರವಿದ್ದವರು ತೊಲೆಯದ್ದನ್ನೇ ಕೊಳ್ಳಿ, ಜೊತೆಗೆ ಕಾರಿನ ನೆತ್ತಿ ತಗುಲುವ ಮುನ್ನ ಮೋಟರು ನಿಲ್ಲಿಸುವ ಅಡ್ಡಪಟ್ಟಿಯ ಸ್ವಿಚ್ ಇದೆಯೇ ಎಂದು ನೋಡಿ.

ಅಗಲದ ಮಾತು: ಲಿಫ್ಟಿನ ಹೊರ ಅಳತೆ ಸುಮಾರು 3.4 ಮೀಟರ್. 12 ಅಡಿ ಜಾಗದಲ್ಲಿ ತುರುಕಬಹುದು, 14 ಅಡಿ ಇದ್ದರೆ ಮನುಷ್ಯರೂ ಓಡಾಡಬಹುದು.

ಯಾವ ಕಾರು, ಎಂಥ ತೋಳು

ಮಾರುತಿ 800 ಸುಮಾರು 650 ಕಿಲೋ, ಫಾರ್ಚ್ಯೂನರ್ ಎರಡು ಟನ್ನಿಗೂ ಮೇಲೆ. ಮನೆಯ ಮಟ್ಟಿಗೆ 4 ಟನ್ನಿನದು ಧಾರಾಳ. ಆದರೆ 4 ಟನ್ ಎಂದರೆ ಒಂದೊಂದು ತೋಳಿಗೆ 1 ಟನ್ ಎಂದು ಓದಿಕೊಳ್ಳಿ. ಎಂಜಿನ್, ಗೇರ್‌ಬಾಕ್ಸ್ ಎರಡೂ ಮೂತಿಯಲ್ಲಿರುವ ಮುಂದಿನ ಚಕ್ರ ಚಾಲನೆಯ ಕಾರುಗಳಲ್ಲಿ ತೂಕದ ಐದರಲ್ಲಿ ಮೂರು ಪಾಲು ಮುಂದೆಯೇ ಇರುತ್ತದೆ.

ತೋಳುಗಳಲ್ಲಿ ಎರಡು ಬಗೆ. ಸಮತೋಳಿನದರಲ್ಲಿ ಕಂಬಗಳು ಎದುರುಬದುರು ನಿಂತಿರುತ್ತವೆ, ನಾಲ್ಕೂ ತೋಳು ಒಂದೇ ಉದ್ದ, ಕಾರಿನ ನಡುಭಾರ ಕಂಬಗಳ ಗೆರೆಗೆ ಬರಬೇಕು. ಜೀಪು, ಸ್ಕಾರ್ಪಿಯೊ, ಪಿಕಪ್‌ನಂಥ ಚಾಸಿಯ (ಬಾಡಿಯ ಅಡಿ ಬೇರೆಯೇ ಉಕ್ಕಿನ ಚೌಕಟ್ಟಿರುವ) ಗಾಡಿಗಳಿಗೆ ಇದು ಒಳ್ಳೆಯದು. ತೊಂದರೆ ಏನೆಂದರೆ ಕಾರಿನ ಬಾಗಿಲು ಕಂಬಕ್ಕೆ ಬಡಿಯುತ್ತದೆ. ವಿಷಮ ತೋಳಿನದರಲ್ಲಿ ಕಂಬಗಳನ್ನು ಸುಮಾರು 30 ಡಿಗ್ರಿ ತಿರುಗಿಸಿರುತ್ತಾರೆ. ಮುಂದಿನ ತೋಳು ಗಿಡ್ಡ, ಹಿಂದಿನದು ಉದ್ದ. ಕಾರು ಹಿಂದಕ್ಕೆ ಸರಿದು ನಿಲ್ಲುವುದರಿಂದ ಬಾಗಿಲು ಸಲೀಸಾಗಿ ತೆರೆಯುತ್ತದೆ. ಮನೆಯಲ್ಲಿ ಹೆಚ್ಚಾಗಿ ಸಾಮಾನ್ಯ ಕಾರುಗಳೇ ಇದ್ದರೆ ನನ್ನ ಓಟು ಇದಕ್ಕೆ. ಆದರೆ ಇದರೊಳಗೆ ಕಾರನ್ನು ರಿವರ್ಸಿನಲ್ಲಿ ತಂದು ಎತ್ತಬಾರದು. ಭಾರವಾದ ಮೂತಿ ಉದ್ದ ತೋಳಿನ ಕಡೆ ಬಂದು ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ತೋಳು ಪೂರ್ತಿ ಇಳಿದಾಗ ಅದರ ತುದಿಯಲ್ಲಿ ಕಾರಿಗೆ ಆನುವ ಪ್ಯಾಡಿನ ಎತ್ತರ ಎಷ್ಟು ಎಂದು ಕೇಳಿ. ಹತ್ತು ಸೆಂ.ಮೀ.ಗಿಂತ ಬಹಳ ಹೆಚ್ಚಿದ್ದರೆ ತಗ್ಗಿನ ಕಾರುಗಳ ಅಡಿ ತೂರುವುದಿಲ್ಲ. ಚಾಸಿಯ ಗಾಡಿಗಳಿಗೆ ಉದ್ದನೆಯ ಅಡಾಪ್ಟರ್ ಬೇಕು, ತಳದ ಅಂಚು ಮಡಚಿದ ಕಾರುಗಳಿಗೆ ನಡುವೆ ಸೀಳಿರುವ ರಬ್ಬರ್ ಅಚ್ಚು ಬೇಕು. ಎಲ್ಲಿ ಹಿಡಿಯಬೇಕೆಂಬ ಚಿತ್ರ ಕಾರಿನ ಕೈಪಿಡಿಯಲ್ಲಿದೆ.

ಹಳೆಯ ಕಾರಿನ ಹುಚ್ಚಿನವರಿಗೆ ಪ್ರತ್ಯೇಕ ಎಚ್ಚರಿಕೆ. ಅಂಬಾಸಿಡರಿಗಾಗಲಿ ಪದ್ಮಿನಿಗಾಗಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಎಲುಬು. ಮಂಗಳೂರು, ಉಡುಪಿಯ ಉಪ್ಪುಗಾಳಿ ಕುಡಿದ ಕಾರಾದರೆ ಬಾಗಿಲಡಿಯ ಪಟ್ಟಿ ಹೊರಗಿನಿಂದ ಬಣ್ಣ ಬಳಿದು ನಗುತ್ತಿದ್ದರೂ ಒಳಗೆ ಹಪ್ಪಳವಾಗಿರುತ್ತದೆ. ಪ್ಯಾಡ್ ಇಡುವ ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ಉಕ್ಕು, ಡಬ್ ಎಂದರೆ ತುಕ್ಕೋ ಪುಟ್ಟಿಯೋ.

ಎತ್ತುವ ಬಲ, ಹಿಡಿಯುವ ಲಾಕು

ಈಗಿನ ಲಿಫ್ಟುಗಳು ಬಹುತೇಕ ಹೈಡ್ರಾಲಿಕ್. ಕಂಬಕ್ಕೊಂದು ಸಿಲಿಂಡರ್, ಎರಡೂ ಬದಿ ಒಂದೇ ಸಮ ಏರಲೆಂದು ಉಕ್ಕಿನ ಕೇಬಲ್ ಜೋಡಿ. ಸ್ಕ್ರೂ ತಿರುಗಿ ಏರುವ ಬಗೆಯೂ ಇದೆ. ಅದರಲ್ಲಿ ಭಾರ ಹೊರುವ ನಟ್ಟು ಸವೆಯುತ್ತದೆ, ಆಗಾಗ ಅಳೆಯಬೇಕು.

ಏನೇ ಇರಲಿ, ಕಾರಿನ ಅಡಿ ನಿಲ್ಲುವಾಗ ಎಣ್ಣೆಯನ್ನು ನಂಬಬಾರದು. ಬೇಕಾದ ಎತ್ತರಕ್ಕೆ ಎತ್ತಿ, ಮತ್ತೆ ಸ್ವಲ್ಪ ಇಳಿಸಿ, ಎರಡೂ ಕಂಬಗಳ ಉಕ್ಕಿನ ಲಾಕಿನ ಮೇಲೆ ಕೂರಿಸಬೇಕು. ಈ ಲಾಕನ್ನು ಬಿಡಿಸಲು ಕೆಲವದರಲ್ಲಿ ಒಂದೇ ಹಿಡಿ, ಕೆಲವದರಲ್ಲಿ ಕಂಬಕ್ಕೊಂದು. ಒಂದೇ ಹಿಡಿ ಸುಖ ಎನ್ನುತ್ತಾರೆ. ನಾನು ಬೇಕೆಂದೇ ಎರಡು ಹಿಡಿಯದ್ದನ್ನು ತೆಗೆದುಕೊಂಡೆ. ಇಳಿಸುವ ಮುನ್ನ ಕಾರಿನ ಸುತ್ತ ಒಂದು ನಡಿಗೆಯಾಗುತ್ತದೆ. ಮನೆ ಎಂದ ಮೇಲೆ ಮಕ್ಕಳಿರುತ್ತಾರೆ, ಬೆಕ್ಕಿರುತ್ತದೆ. ತೋಳುಗಳು ಏರಿದ ಕೂಡಲೇ ಅಲುಗದಂತೆ ತಾವೇ ಹಲ್ಲುಗಚ್ಚುವ ಏರ್ಪಾಡು ಇಲ್ಲದ ಲಿಫ್ಟನ್ನು ಪುಕ್ಕಟೆ ಕೊಟ್ಟರೂ ಬೇಡ.

ಕರೆಂಟು

ಮೋಟರು ಸಾಮಾನ್ಯವಾಗಿ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ. ಇಲ್ಲಿ ಸುಲಭವಾಗಿ ಸಿಗುವುದು ತ್ರೀ ಫೇಸ್ 415 ವೋಲ್ಟಿನದು. ಮನೆಗೆ ಸಿಂಗಲ್ ಫೇಸ್ ಇದ್ದರೆ ಸಿಂಗಲ್ ಫೇಸಿನ ಮೋಟರನ್ನೇ ಹೇಳಿ ತರಿಸಿ. ಸಿಂಗಲ್ ಫೇಸಿನಲ್ಲಿ ಅದು ಓಡುವಾಗಲೇ 16 ಆಂಪಿಯರಿನ ಆಸುಪಾಸು ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು. ಗೀಸರಿನ ಸಾಕೆಟ್ಟಿಗೆ ಚುಚ್ಚುವ ಸಾಮಾನಲ್ಲ. ಮೀಟರ್ ಬೋರ್ಡಿನಿಂದ ದಪ್ಪ ವೈರಿನ ಬೇರೆ ಲೈನು, ಅದಕ್ಕೇ ಮೀಸಲಾದ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ತೋಟದ ಶೆಡ್ಡಿನವರು ಪಂಪ್‌ಸೆಟ್ಟಿನ ತ್ರೀ ಫೇಸನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಬರುವುದು ದಿನಕ್ಕೆ ಕೆಲವೇ ಗಂಟೆ, ಕೊಟ್ಟಿರುವುದೂ ನೀರೆತ್ತಲು.

ಕರೆಂಟು ಹೋದರೆ? ಇಳಿಸಲು ಕರೆಂಟು ಬೇಡ, ವಾಲ್ವ್ ಒತ್ತಿದರೆ ಕಾರು ತನ್ನ ತೂಕಕ್ಕೇ ಇಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಕಾರು ಲಾಕಿನ ಮೇಲೆ ಕೂತಿದ್ದರೆ ಲಾಕು ಬಿಡಿಸಲು ಮೊದಲು ಒಂದೆರಡು ಅಂಗುಲ ಎತ್ತಬೇಕು, ಎತ್ತಲು ಮೋಟರು ಬೇಕು. ನನ್ನ ಕಾರು ಒಮ್ಮೆ ಗುರುವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ಮೇಲೇ ಇತ್ತು. ನಾನು ಮದುವೆಗೆ ಬಸ್ಸಿನಲ್ಲಿ ಹೋದೆ. ಕೈಪಂಪು ಜೋಡಿಸಲು ಬರುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಈಗ ಅಂಗಡಿಗೆ

ಲಿಫ್ಟುಗಳ ಸುರಕ್ಷತೆಗೆ ಯುರೋಪಿನ ಮಾನದಂಡ ಇಎನ್ 1493, ಅಮೆರಿಕದ್ದು ಎಎನ್‌ಎಸ್‌ಐ ಎಎಲ್‌ಐ ಎಎಲ್‌ಸಿಟಿವಿ. ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ನೋಡಿ ಸಮಾಧಾನಪಡಬೇಡಿ. ನೀವು ಕೊಳ್ಳುವ ಮಾದರಿಯ ಸಂಖ್ಯೆಯೇ ಇರುವ ಪ್ರಮಾಣಪತ್ರ ಕೇಳಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭ, ಎಎಲ್‌ಐ (ಅಲ್ಲಿನ ಆಟೊಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್) ಪ್ರಮಾಣೀಕರಿಸಿದ ಮಾದರಿಗಳ ಪಟ್ಟಿ ಅಂತರ್ಜಾಲದಲ್ಲೇ ಸಿಗುತ್ತದೆ. ಕೊಟೇಶನ್ನಿನಲ್ಲಿ ಸಾಗಣೆ, ಇಳಿಸುವ ಕೂಲಿ, ಕೂರಿಸುವ ಖರ್ಚು, ಕಂಬವನ್ನು ನೆಲಕ್ಕೆ ಬಿಗಿಯುವ ಆಂಕರ್ ಬೋಲ್ಟು, ಹತ್ತು ಹನ್ನೆರಡು ಲೀಟರ್ ಹೈಡ್ರಾಲಿಕ್ ಎಣ್ಣೆ, ಅಡಾಪ್ಟರುಗಳು ಸೇರಿವೆಯೋ ಇಲ್ಲವೋ ಬರೆಸಿಕೊಳ್ಳಿ. ಸೀಲು, ಕೇಬಲ್ಲು ನಿಮ್ಮ ಊರಿಗೆ ಎಷ್ಟು ದಿನದಲ್ಲಿ ಬರುತ್ತವೆ ಎಂಬ ಪ್ರಶ್ನೆಗೆ ತಡವರಿಸುವವರಲ್ಲಿ ಕೊಳ್ಳಬೇಡಿ.

ಮುಚ್ಚಿಹೋದ ಗ್ಯಾರೇಜಿನ ಹಳೆಯ ಲಿಫ್ಟ್ ಅಗ್ಗಕ್ಕೆ ಸಿಕ್ಕರೆ, ನೋಡಲು ಹೋಗುವಾಗ ಬಟ್ಟೆಯೊಂದನ್ನು ಒಯ್ಯಿರಿ. ಕೇಬಲ್ಲಿನ ಉದ್ದಕ್ಕೂ ಬಟ್ಟೆ ಎಳೆಯಿರಿ. ಹರಿದ ಎಳೆಯಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ತೋಳಿನ ಪಿನ್ನಿನ ತೂತು ಗುಂಡಗಿದೆಯೇ ಮೊಟ್ಟೆಯಂತಾಗಿದೆಯೇ, ಬೆಸುಗೆಯ ಪಕ್ಕ ಕೂದಲೆಳೆಯ ಬಿರುಕಿದೆಯೇ, ವರ್ಷಗಟ್ಟಲೆ ಕಾರು ತೊಳೆದ ನೀರಿಗೆ ಕಂಬದ ಪಾದ ಕೊರೆದುಹೋಗಿದೆಯೇ ನೋಡಿ. ಪಾದ ಕೊರೆದಿದ್ದರೆ ಚಹಾ ಕುಡಿದು ವಾಪಸು ಬನ್ನಿ. ಹಳೆಯ ಆಂಕರ್ ಬೋಲ್ಟುಗಳನ್ನಂತೂ ಮತ್ತೆ ಬಳಸುವಂತಿಲ್ಲ.

ಮೊದಲ ಎತ್ತು

ಕಂಬಗಳನ್ನು ತೂಗುಗುಂಡಿಟ್ಟು ನೇರ ಮಾಡಿ, ಬೋಲ್ಟುಗಳನ್ನು ಕೈಪಿಡಿ ಹೇಳಿದ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿಯಿರಿ. ಬಿಗಿಯುತ್ತಾ ಹೋದರೂ ಟಾರ್ಕ್ ಏರದೆ ಬೋಲ್ಟು ತಿರುಗುತ್ತಲೇ ಇದ್ದರೆ ಕಾಂಕ್ರೀಟ್ ಅದನ್ನು ಹಿಡಿದಿಲ್ಲ, ಅಲ್ಲಿಗೆ ನಿಲ್ಲಿಸಿ. ಮೊದಲು ಬರಿಗೈ ಲಿಫ್ಟನ್ನು ನಾಲ್ಕೈದು ಸಲ ಏರಿಸಿ ಇಳಿಸಿ. ಆಮೇಲೆ ಮನೆಯ ಅತಿ ಹಗುರ ಕಾರು. ಚಕ್ರಗಳು ನೆಲ ಬಿಟ್ಟು ಎರಡು ಅಂಗುಲ ಏರಿದಾಗ ನಿಲ್ಲಿಸಿ, ಬಂಪರ್ ಹಿಡಿದು ಚೆನ್ನಾಗಿ ಅಲುಗಿಸಿ, ನಾಲ್ಕೂ ಪ್ಯಾಡುಗಳನ್ನು ಮತ್ತೆ ನೋಡಿ. ಏರುವಾಗ ಲಾಕುಗಳು ಹಲ್ಲು ದಾಟುವ ಸದ್ದು ಎರಡೂ ಕಂಬಗಳಿಂದ ಒಟ್ಟಿಗೇ ಟಕ್, ಟಕ್ ಎಂದು ಕೇಳಬೇಕು. ಟಕ್ಕಟಕ್ಕ, ಟಕ್ಕಟಕ್ಕ ಎಂದು ಒಂದರ ಹಿಂದೆ ಒಂದು ಕೇಳಿದರೆ ಒಂದು ಬದಿ ಹಿಂದುಳಿದಿದೆ. ಇಳಿಸಿ, ಕೇಬಲ್ಲಿನ ನಟ್ಟು ತಿರುವಿ ಸರಿಮಾಡಿ.

ಎಂಜಿನ್ ಇಳಿಸುವ ದಿನ ಕಾರಿನ ಹಿಂಭಾಗಕ್ಕೆ ಎತ್ತರದ ಸ್ಟ್ಯಾಂಡ್ ಕೊಡುವುದನ್ನು ಮರೆಯಬೇಡಿ. ಮೂತಿಯ ಭಾರ ಹೋದೊಡನೆ ಕಾರು ಹಿಂದಕ್ಕೆ ಮೊಗಚಲು ನೋಡುತ್ತದೆ. ಬೋಲ್ಟು ಮತ್ತು ತಟ್ಟೆಯ ಮೇಲೆ ಅಡ್ಡಲಾಗಿ ಒಂದೊಂದು ಗೆರೆ ಬಿಳಿ ಪೇಂಟು ಎಳೆದಿಡಿ. ನಾನು ಮೊದಲ ತಿಂಗಳು ವಾರಕ್ಕೊಮ್ಮೆ ಬಗ್ಗಿ ನೋಡುತ್ತಿದ್ದೆ. ಎರಡನೆಯ ವಾರ ಎಡಗಂಬದ ಒಂದು ಗೆರೆ ಸ್ವಲ್ಪ ಮುರಿದಂತೆ ಕಂಡಿತು. ಟಾರ್ಕ್ ವ್ರೆಂಚ್ ಹಾಕಿದಾಗ ಕಾಲು ಸುತ್ತು ಬಿಗಿಯಿತು. ಅಲ್ಲಿಂದೀಚೆಗೆ ಗೆರೆಗಳು ನೇರವಾಗಿಯೇ ಇವೆ.